ರಾತ್ರಿ ಪಾಳಿಯ ಬೇಸಾಯ

ಬೇಗೂರು ಹೆಸರಿನ ಊರುಗಳಿಗೆ ನಮ್ಮಲ್ಲಿ ಬರವಿಲ್ಲ. ‘ಬೆಂಗಳೂರು’ ಎಂಬ ಹೆಸರು ಕಾಣಿಸುವ ಹಳೆಯ ವೀರಗಲ್ಲು ಇರುವುದು ರಾಜಧಾನಿಯ ಮಗ್ಗುಲಿನ ಬೇಗೂರಿನಲ್ಲಿ. ಮೈಸೂರಿನಿಂದ ಊಟಿಗೆ ಹೊರಟವರಿಗೆ ಗುಂಡ್ಲುಪೇಟೆಗಿಂತ ಮೊದಲು ಇನ್ನೊಂದು ಬೇಗೂರು ಸಿಗುತ್ತದೆ. ಗಡಿಯಾಚೆ ವಯನಾಡಿನ ಕಾಡಿನಲ್ಲೂ ಒಂದು ಬೇಗೂರಿದೆ. ಈ ಲೇಖನದ ಊರು ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರು. ಒಂದು ಕಡೆ ಕಬಿನಿಯ ಹಿನ್ನೀರು, ಇನ್ನೊಂದು ಕಡೆ ಬಂಡೀಪುರದ ಕಾಡು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ವಲಯಗಳಲ್ಲಿ ಒಂದಕ್ಕೆ ಈ ಊರಿನದೇ ಹೆಸರು. ಹಾಗಾಗಿ ಪತ್ರಿಕೆಯಲ್ಲಿ ‘ಎನ್. ಬೇಗೂರು’ ಎಂದು ಕಂಡರೆ ಸುದ್ದಿ ಹೆಚ್ಚಾಗಿ ಹುಲಿಯದೋ ಆನೆಯದೋ ಆಗಿರುತ್ತದೆ. ಊರಿನ ಜನರ ಸುದ್ದಿ ಅಪರೂಪ.

ಊರನ್ನು ಪಟ್ಟಣ ಎನ್ನುವುದು ಹೆಚ್ಚಾದೀತು, ಬರೀ ಹಳ್ಳಿ ಎಂದರೆ ಕಡಿಮೆಯಾದೀತು. ಗ್ರಾಮ ಪಂಚಾಯಿತಿಯ ಕೇಂದ್ರ. ಸುತ್ತಲಿನ ಸಣ್ಣ ಹಳ್ಳಿಗಳ, ಆದಿವಾಸಿ ಹಾಡಿಗಳ ಜನ ಪಂಚಾಯಿತಿ ಕೆಲಸಕ್ಕೆ, ಕಾಗದ ಪತ್ರಕ್ಕೆ ಇಲ್ಲಿಗೇ ಬರಬೇಕು. ಇಂಥ ಊರುಗಳ ಬೆಳಗು ಎಲ್ಲಾ ಕಡೆಯೂ ಒಂದೇ: ಹಾಲಿನ ಕ್ಯಾನು, ಬಸ್ಸಿಗೆ ಕಾಯುವ ಮಕ್ಕಳು, ಟೀ ಅಂಗಡಿಯ ಮುಂದೆ ಮಳೆಯ ಮಾತು. ವ್ಯತ್ಯಾಸ ಗೊತ್ತಾಗುವುದು ಸಂಜೆಯ ಮೇಲೆ. ಬಯಲುಸೀಮೆಯ ಊರಲ್ಲಿ ಕತ್ತಲಾದರೆ ಜನ ಹೊಲದಿಂದ ಮನೆಗೆ ಬರುತ್ತಾರೆ. ಇಲ್ಲಿ ಮುದ್ದೆ ಉಂಡು, ಕಂಬಳಿ ಹೆಗಲಿಗೆ ಹಾಕಿ, ಬ್ಯಾಟರಿ ಹಿಡಿದು ಮನೆಯಿಂದ ಹೊಲಕ್ಕೆ ಹೊರಡುತ್ತಾರೆ.

ಅದಕ್ಕೆ ‘ಕಾವಲು’ ಎಂದಷ್ಟೇ ಹೆಸರು. ಕೃಷಿ ಇಲಾಖೆಯ ಕೈಪಿಡಿಯಲ್ಲಿ ಬಿತ್ತನೆ, ಗೊಬ್ಬರ, ಕಳೆ, ಕೊಯ್ಲು ಎಲ್ಲಕ್ಕೂ ಪುಟಗಳುಂಟು. ಕಾವಲು ಮಾತ್ರ ಅಪ್ಪನಿಂದ ಮಗನಿಗೆ, ಅಟ್ಟಣೆಯ ಮೇಲೆ ಪಕ್ಕದಲ್ಲಿ ಕೂತೇ ಬರುವ ವಿದ್ಯೆ. ಕಾಡಂಚಿನ ಈ ಸೀಮೆಯಲ್ಲಿ ಬೇಸಾಯ ಎಂದರೆ ಅರ್ಧ ಬೆಳೆಯುವುದು, ಅರ್ಧ ಕಾಯುವುದು. ಯಾವ ಬೆಳೆ ಇಡಬೇಕು, ಯಾವಾಗ ಇಡಬೇಕು, ಮಗನನ್ನು ಯಾವ ಕೆಲಸಕ್ಕೆ ಕಳಿಸಬೇಕು ಎಂಬುದನ್ನೆಲ್ಲ ಕೊನೆಗೆ ಈ ಕಾವಲೇ ತೀರ್ಮಾನಿಸುತ್ತದೆ ಎಂಬುದು ನನ್ನ ಎಣಿಕೆ.

ಕಾವಲು ಇವತ್ತಿನದಲ್ಲ. ಆದರೆ ಅದರ ಈಗಿನ ರೂಪ ಹುಟ್ಟಿದ್ದು ನಾಲ್ಕೇ ವರ್ಷಗಳಲ್ಲಿ. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ, ಅಂದರೆ ಕಾಡಾನೆ ಹಿಂಡು ಹಿಡಿಯುವ ಕಾರ್ಯಾಚರಣೆ, ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ತಾಣಗಳಲ್ಲಿ ಬಂಡೀಪುರವೂ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಒಂದೊಂದನ್ನೇ ತೆಗೆದುಕೊಂಡರೆ ನಾಲ್ಕೂ ಬೇರೆ ಬೇರೆ ಕಚೇರಿಯ ಕಡತಗಳು. ಅವೆಲ್ಲ ಬಂದು ಕೂಡಿದ್ದು ಇಲ್ಲಿನ ರೈತನ ಹೊಲದಲ್ಲಿ.

ಖೆಡ್ಡಾದ ಕಥೆ ಬಲ್ಲವರು ಅದನ್ನು ಅರಮನೆಯ ವೈಭವದ ಕಥೆಯಾಗಿಯೇ ಹೇಳುತ್ತಾರೆ. ಬ್ರಿಟಿಷ್ ರಾಜಕುಮಾರರು ಬಂದದ್ದು, ಕಬಿನಿ ಹೊಳೆಗೆ ಆನೆ ಹಿಂಡನ್ನು ಇಳಿಸಿ ಆಚೆ ದಡದ ದೊಡ್ಡಿಗೆ ಹತ್ತಿಸಿದ್ದು, ಗಣ್ಯರು ಮಂಟಪದಲ್ಲಿ ಕೂತು ನೋಡಿದ್ದು. ಶುರುವಿನಲ್ಲಿ ಅದಕ್ಕೆ ಇನ್ನೊಂದು ಮುಖವೂ ಇತ್ತು. ಮೈಸೂರು ಸರ್ಕಾರದ ನೀರಾವರಿ ನಾಲೆಗಳನ್ನು ನೋಡಿಕೊಳ್ಳುತ್ತಿದ್ದ ಜಿ.ಪಿ. ಸ್ಯಾಂಡರ್ಸನ್ 1873–74ರ ಸುಮಾರಿಗೆ ಚಾಮರಾಜನಗರದ ಕಡೆ ಮೊದಲ ಖೆಡ್ಡಾ ಮಾಡಿಸಿದಾಗ, ರೈತರ ಬೆಳೆಗೆ ನುಗ್ಗುವ ಹಿಂಡುಗಳನ್ನು ಹಿಡಿಯುವುದೂ ಅದರ ಲೆಕ್ಕದಲ್ಲಿ ಸೇರಿತ್ತು. ಅಲ್ಲಿಂದ 1971ರವರೆಗೆ ಮೈಸೂರು ಸೀಮೆಯಲ್ಲಿ 36 ಖೆಡ್ಡಾಗಳಾದವು. ಕಾಡಿನ ಜಾಡು ತಿಳಿದ ಜೇನುಕುರುಬರು, ಬೆಟ್ಟಕುರುಬರು ಇಲ್ಲದೆ ಅವುಗಳಲ್ಲಿ ಒಂದೂ ನಡೆಯುತ್ತಿರಲಿಲ್ಲ. ಹಿಂಡನ್ನು ಅಟ್ಟಿದವರೂ ಅವರೇ, ಹಿಡಿದ ಆನೆಯನ್ನು ಪಳಗಿಸಿದವರೂ ಅವರೇ. ಖೆಡ್ಡಾ ಕ್ರೂರವಾಗಿತ್ತು. ಓಟದಲ್ಲೂ ಪಳಗಿಸುವಾಗಲೂ ಎಷ್ಟೋ ಆನೆಗಳು ಸತ್ತವು. ಅದು ನಿಂತದ್ದು ಸರಿಯೇ. ಆದರೆ ನಿಂತ ಮೇಲೆ ಆನೆಗೂ ರಾಗಿ ಹೊಲಕ್ಕೂ ನಡುವೆ ಉಳಿದದ್ದು ಕಾವಲಿನವನು ಒಬ್ಬನೇ.

ಅದರ ಬೆನ್ನಿಗೇ ನೀರು ಬಂತು. ಬೀಚನಹಳ್ಳಿ ಮತ್ತು ಬಿದರಹಳ್ಳಿ ನಡುವೆ ಕಟ್ಟಿದ ಕಬಿನಿ ಜಲಾಶಯದ ಪೂರ್ಣ ಮಟ್ಟ 2284 ಅಡಿ, ಹಿಡಿಸುವ ನೀರು 19.52 ಟಿಎಂಸಿ. ಅದರೊಳಗೆ 22 ಹಳ್ಳಿಗಳು ಹೋದವು. ಪುನ್ನಾಟ ಅರಸರ ರಾಜಧಾನಿ ಕೀರ್ತಿಪುರ ಎಂದು ಇತಿಹಾಸಕಾರರು ಗುರುತಿಸಿದ ಕಿತ್ತೂರು ಮುಳುಗಿತು. ಖೆಡ್ಡಾ ನಡೆಯುತ್ತಿದ್ದ ಹೊಳೆದಂಡೆಯೂ ಮುಳುಗಿತು. ಹೊಳೆಯ ಇಕ್ಕೆಲದ ಬಿದಿರು ಮೆಳೆಗಳು, ಆನೆಗಳು ತಲೆಮಾರುಗಳಿಂದ ನಡೆದ ದಾರಿಗಳು ನೀರಿನಡಿ ಸೇರಿದವು. ಜಮೀನು ಕಳೆದುಕೊಂಡ ರೈತರು ಮೇಲಿನ ಒಣಭೂಮಿಗೆ ಸರಿದರು. ಆ ಭೂಮಿ ಕಾಡಿನ ಅಂಚಿನದು. ದಾರಿ ಕಳೆದುಕೊಂಡ ಆನೆ, ಹೊಲ ಕಳೆದುಕೊಂಡ ರೈತ ಇಬ್ಬರೂ ಒಂದೇ ಪಟ್ಟಿಯ ನೆಲಕ್ಕೆ ಬಂದು ನಿಂತರು.

ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿರುವ ಈ ಸೀಮೆಯಲ್ಲಿ ಇವತ್ತಿಗೂ ಹೊಲ ಬಹುಪಾಲು ಮಳೆಯನ್ನೇ ನಂಬಿದೆ. ಕಬಿನಿಯ ನೀರು ಕೆಳಗೆ ನಂಜನಗೂಡು, ತಿರುಮಕೂಡಲು ನರಸೀಪುರದ ಗದ್ದೆಗಳ ಕಡೆಗೆ ಹರಿಯುತ್ತದೆ. ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಹೆಗ್ಗಡದೇವನಕೋಟೆಯೂ ಇದ್ದದ್ದು ಇಲ್ಲಿನವರಿಗೆ ಆಶ್ಚರ್ಯವನ್ನೇನೂ ತರಲಿಲ್ಲ.

ಈಗ ಕಾವಲಿನ ಕಸುಬಿಗೆ ಬರೋಣ.

ಮೊದಲ ಕೆಲಸ ಅಟ್ಟಣೆ. ಬದುವಿನಲ್ಲಿ ಗಟ್ಟಿ ಮರವಿದ್ದರೆ ಅದರ ಕವಲಿನಲ್ಲಿ ಬಿದಿರು ಗಳು ಹಾಸಿ ಕಟ್ಟುತ್ತಾರೆ. ಮರವಿಲ್ಲದಿದ್ದರೆ ನಾಲ್ಕು ಕಂಬ ನೆಡಬೇಕು. ಮೇಲೆ ಹುಲ್ಲು, ಗರಿ; ಈಚೆಗೆ ಟಾರ್ಪಾಲು. ಮರದ ಅಟ್ಟಣೆಗೇ ಮರ್ಯಾದೆ ಜಾಸ್ತಿ, ಯಾಕೆಂದರೆ ಕಂಬದ ಅಟ್ಟಣೆಯನ್ನು ಸಲಗ ಹಣೆಯೊತ್ತಿ ತಳ್ಳಿದರೆ ಮುಗಿಯಿತು. ದೊಡ್ಡ ಸಲಗ ಭುಜದ ಹತ್ತಿರವೇ 9 ಅಡಿ ದಾಟಬಹುದು. ಸೊಂಡಿಲೆತ್ತಿದರೆ ಅದರ ಮೇಲೆ ಎಷ್ಟೋ ಅಡಿ. ಎತ್ತರದ ಲೆಕ್ಕ ತಪ್ಪುವ ಹಾಗಿಲ್ಲ. ಜಾಗವೂ ಮುಖ್ಯ. ಆನೆ ಬಂದುಹೋಗುವ ಜಾಡಿಗೆ ಅಡ್ಡವಾಗಿ ಯಾರೂ ಅಟ್ಟಣೆ ಕಟ್ಟುವುದಿಲ್ಲ. ಪಕ್ಕಕ್ಕೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿಕೊಂಡು ಕಟ್ಟುತ್ತಾರೆ.

ಆಮೇಲೆ ಕಿವಿಯ ಕೆಲಸ. ಅಷ್ಟು ದೊಡ್ಡ ಪ್ರಾಣಿ ಬರುವುದು ಗೊತ್ತೇ ಆಗುವುದಿಲ್ಲ. ಮೆತ್ತನೆ ಅಂಗಾಲು, ಒಣ ಎಲೆಯ ಮೇಲೂ ಸದ್ದು ಕಡಿಮೆ. ಹಾಗಾಗಿ ಆನೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಬೇಕು. ನಾಯಿ ಬೊಗಳುವ ರೀತಿ ಬದಲಾಗುವುದು, ಟಿಟ್ಟಿಭ ಹಕ್ಕಿ ಇದ್ದಕ್ಕಿದ್ದಂತೆ ಕೂಗಿ ಏಳುವುದು, ಬೇಲಿಯ ತಂತಿ ಮಿಡಿಯುವುದು, ಎಲ್ಲೋ ಒಂದು ಕೊಂಬೆ ಮುರಿಯುವುದು. ಕಾಡುಹಂದಿಯಾದರೆ ಗುಟುರು ಕೇಳುತ್ತದೆ, ಸದ್ದು ನೆಲದಲ್ಲೇ ಇರುತ್ತದೆ. ಹಂದಿಗೆ ಕೇಕೆ ಸಾಕು. ಆನೆಗೆ ಲೆಕ್ಕಾಚಾರ ಬೇಕು.

ಲೆಕ್ಕಾಚಾರದ ಮೊದಲ ಪ್ರಶ್ನೆ, ಬಂದದ್ದು ಹಿಂಡೋ ಒಂಟಿಯೋ ಎಂಬುದು. ಮರಿಗಳಿರುವ ಹಿಂಡು ತಮಟೆ, ಬೆಳಕು, ಪಟಾಕಿಗೆ ಹಿಂದೆ ಸರಿಯುವುದುಂಟು, ಆದರೆ ಮರಿಗೂ ತಾಯಿಗೂ ನಡುವೆ ಯಾರೂ ನಿಲ್ಲಬಾರದು. ಒಂಟಿ ಸಲಗನ ಧೈರ್ಯ ಬೇರೆ. ಆನೆತಜ್ಞ ರಾಮನ್ ಸುಕುಮಾರ್ 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಸತ್ಯಮಂಗಲದ ಸುತ್ತ ನಡೆಸಿದ ಅಧ್ಯಯನದಲ್ಲಿ, ಹಿಂಡಿನ ಹೆಣ್ಣಾನೆಗಳಿಗಿಂತ ವಯಸ್ಸಿಗೆ ಬಂದ ಸಲಗಗಳು ಬೆಳೆಗೆ ನುಗ್ಗುವುದು ಹಲವು ಪಟ್ಟು ಹೆಚ್ಚೆಂದು ಕಂಡುಕೊಂಡರು. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಲ್ಲಿ ಪ್ರೋಟೀನು, ಉಪ್ಪಿನಂಶ ಹೆಚ್ಚು. ಬೆಳೆಯುವ ಗಂಡಾನೆಗೆ ಅದು ಬೇಕು, ಅದಕ್ಕಾಗಿ ಅಪಾಯಕ್ಕೂ ಇಳಿಯುತ್ತದೆ. ಕಾವಲಿನವರು ಇದನ್ನು ಬೇರೆ ಮಾತಲ್ಲಿ ಹೇಳುತ್ತಾರೆ: ರಾಗಿ ರುಚಿ ಹತ್ತಿದ ಸಲಗ ಬಿಡುವುದಿಲ್ಲ.

ಎರಡನೆಯ ಲೆಕ್ಕ ದಾರಿಯದು. ಆನೆಗೆ ವಾಪಸು ಹೋಗಲು ಒಂದು ಬಾಯಿ ಬಿಟ್ಟೇ ಗದ್ದಲ ಎಬ್ಬಿಸಬೇಕು. ನಾಲ್ಕೂ ಕಡೆಯಿಂದ ಕೂಗಿದರೆ ಅದು ಗಾಬರಿಯಲ್ಲಿ ಊರಿನ ಕಡೆಗೇ ನುಗ್ಗುತ್ತದೆ. ಇಲ್ಲಿ ನೆರೆಹೊರೆಯ ರಾಜಕೀಯ ಶುರು. ನನ್ನ ಹೊಲದಿಂದ ಓಡಿಸಿದ್ದು ನಿನ್ನ ಹೊಲಕ್ಕೆ ಬಂದರೆ ಬೆಳಿಗ್ಗೆ ಜಗಳ. ಅದಕ್ಕೇ ಅಟ್ಟಣೆಯಿಂದ ಅಟ್ಟಣೆಗೆ ಕೂಗು ದಾಟಿಸುವ ಕ್ರಮವಿದೆ. ‘ಅಣ್ಣೋ, ನಿಮ್ ಮಗ್ಗುಲ್ಗೆ ಬಂದದೆ ಕಣಣ್ಣೋ’ ಎಂದು ಕೂಗಿದವನು ತನ್ನ ಪಾಲಿನ ಕರ್ತವ್ಯ ಮಾಡಿದಂತೆ. ಅದನ್ನು ಕೇಳಿಸಿಕೊಂಡವನು ಬೆಳಕು ಬಿಟ್ಟು, ಆನೆಯ ಮುಖ ಕಾಡಿಗೆ ತಿರುಗುವವರೆಗೆ ಎದ್ದಿರಬೇಕು. ಹಗಲಲ್ಲಿ ಬದುವಿನ ತಕರಾರಿಗೆ ಮಾತು ಬಿಟ್ಟವರೂ ರಾತ್ರಿ ಈ ಕೂಗನ್ನು ಬಿಡುವುದಿಲ್ಲ. ಈಗ ಅರ್ಧ ಕೆಲಸವನ್ನು ಮೊಬೈಲು ಮಾಡುತ್ತದೆ, ಸಿಗ್ನಲ್ ಇದ್ದರೆ.

ಹಗಲಿನ ಕಾವಲು ಹೆಂಗಸರದು. ನವಿಲು, ಕೋತಿ, ಗಿಳಿ. ಅದನ್ನು ಯಾರೂ ಕಾವಲು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಳೆ ಕೀಳುತ್ತಲೋ ಹತ್ತಿ ಬಿಡಿಸುತ್ತಲೋ ಮಾಡುವುದರಿಂದ. ಗಂಡಸರು ರಾತ್ರಿ ಎದ್ದಿದ್ದು ಹಗಲು ಮಲಗಿದರೆ ಹಗಲಿನ ಹೊಲವೆಲ್ಲ ಅವರ ಹೆಗಲಿಗೇ. ಕಾವಲಿನ ಸಾಹಸದ ಕಥೆಗಳನ್ನು ಕೇಳುವಾಗ ಈ ಇನ್ನೊಂದು ಪಾಳಿಯ ನೆನಪಿರಬೇಕು.

ಹೊಲದಲ್ಲಿ ಏನು ಬೆಳೆಯಬೇಕೆಂಬುದಕ್ಕೂ ಇದೇ ಉತ್ತರ. ಈ ಸೀಮೆಯ ಹಳೆಯ ಬೆಳೆ ರಾಗಿ, ಜೊತೆಗೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ರಾಗಿಯ ತೆನೆ ಹಾಲು ತುಂಬುವ ಹೊತ್ತಿಗೆ ಆನೆಗೆ ವಾಸನೆ ಹೋಗುತ್ತದೆ. ಅಲ್ಲಿಂದ ಕಣ ಆಗುವವರೆಗೆ ನಿದ್ದೆಯಿಲ್ಲ. ಮುಸುಕಿನ ಜೋಳ, ಬಾಳೆ, ಕಬ್ಬು, ಹಲಸು ಎಲ್ಲಕ್ಕೂ ಅದೇ ಗತಿ. ಹತ್ತಿಯನ್ನು, ಶುಂಠಿಯನ್ನು, ಹೊಗೆಸೊಪ್ಪನ್ನು ಆನೆ ಅಷ್ಟಾಗಿ ಬಾಯಿಗಿಡುವುದಿಲ್ಲ. ತುಳಿದು ಹೋಗಬಹುದು, ಆದರೆ ರಾತ್ರಿ ಪೂರ್ತಿ ನಿಂತು ಮೇಯುವುದಿಲ್ಲ. ಹೆಗ್ಗಡದೇವನಕೋಟೆ, ಸರಗೂರಿನ ಹೊಲಗಳಲ್ಲಿ ಮುಂಗಾರಿಗೂ ಮೊದಲ ಮಳೆಗೇ ಹತ್ತಿ ಬಿತ್ತುವುದಕ್ಕೆ ಮಾರುಕಟ್ಟೆ ಕಾರಣ, ಮಣ್ಣು ಕಾರಣ, ಜೊತೆಗೆ ಆನೆಯ ನಾಲಗೆಯೂ ಕಾರಣ. ವಯನಾಡಿನವರು ಇಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವುದನ್ನೂ ರೈತರು ಇದೇ ಕಣ್ಣಿನಿಂದ ನೋಡುತ್ತಾರೆ: ಗುತ್ತಿಗೆ ಹಣವೂ ಬಂತು, ಆ ವರ್ಷ ಕಾವಲೂ ತಪ್ಪಿತು.

ಹೊಗೆಸೊಪ್ಪಿನದು ಸ್ವಲ್ಪ ಉದ್ದದ ಕಥೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿದವರಿಗೆ ಹೊಲದ ಮಧ್ಯೆ ಕಿಟಕಿಯಿಲ್ಲದ ಎತ್ತರದ ಮನೆಗಳು ಕಂಡಿರುತ್ತವೆ. ಅವು ಬ್ಯಾರನ್‌ಗಳು, ಸೊಪ್ಪು ಹದ ಮಾಡುವ ಗೂಡುಗಳು. 1976ರಲ್ಲಿ ಗುಂಟೂರಿನಲ್ಲಿ ಶುರುವಾದ ತಂಬಾಕು ಮಂಡಳಿಯ ಲೈಸೆನ್ಸ್ ಇದ್ದವರಿಗೇ ಬೆಳೆಯುವ ಅಧಿಕಾರ, ಮಂಡಳಿಯ ಹರಾಜು ಕಟ್ಟೆಯಲ್ಲೇ ಮಾರಾಟ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೇ ಇದೆ; ಇಲ್ಲಿ ಮನೆಮಾತಾದ ‘ಕಾಂಚನ್’ ತಳಿಯ ಗಿಡಗಳು ಈ ಕೆಂಪು ಮಿಶ್ರಿತ ಹಗುರ ಮಣ್ಣಿಗೆ ಒಗ್ಗಿಕೊಂಡವು. ಬೇಸಿಗೆಯ ಹೊತ್ತಿಗೆ ಸಸಿ ಮಡಿ, ಮೇ ತಿಂಗಳ ಮಳೆಗೆ ನಾಟಿ, ಜುಲೈಯಿಂದ ಕೆಳಗಿನ ಎಲೆಯಿಂದ ಮೇಲಕ್ಕೆ ಕಂತುಕಂತಾಗಿ ಸೊಪ್ಪು ಮುರಿಯುವುದು.

ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ ಒಲೆ ಹಚ್ಚಿದರೆ ಐದಾರು ದಿನ ಮನೆಯವರ ನಿದ್ದೆ ಹೋಯಿತು. ಮೊದಲ ಒಂದೂವರೆ ಎರಡು ದಿನ ಕಾವು 35ರಿಂದ 40 ಡಿಗ್ರಿ ದಾಟಬಾರದು, ಎಲೆ ನಿಧಾನವಾಗಿ ಹಳದಿಯಾಗಬೇಕು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾವು ಏರಿಸಿ ಬಣ್ಣ ನಿಲ್ಲಿಸಬೇಕು; ಕೊನೆಗೆ 70 ಡಿಗ್ರಿಯ ಹತ್ತಿರ ಒಯ್ದು ಎಲೆಯ ನಡುದಂಟು ಒಣಗಿಸಬೇಕು. ಅವಸರಪಟ್ಟು ಬೆಂಕಿ ಹೆಚ್ಚಿಸಿದರೆ ಹಸಿರೇ ಉಳಿಯುತ್ತದೆ, ಒಲೆಯ ಮುಂದೆ ತೂಕಡಿಸಿದರೆ ಎಲೆ ಕಂದುತ್ತದೆ. ಹರಾಜು ಕಟ್ಟೆಯಲ್ಲಿ ಎರಡಕ್ಕೂ ಬೆಲೆ ಬೀಳುತ್ತದೆ. ಗೋಡೆಯ ಕಿಂಡಿಯಿಂದ ಬ್ಯಾಟರಿ ಬಿಟ್ಟು ಒಳಗಿನ ಥರ್ಮಾಮೀಟರ್ ನೋಡುತ್ತ, ಗಂಟೆ ಗಂಟೆಗೂ ಸೌದೆ ಒಡ್ಡುತ್ತ ಕೂರುವುದು ಕೂಡ ಕಾವಲೇ. ಅಂದರೆ ಆನೆಯ ಕಾವಲು ತಪ್ಪಿಸಿಕೊಳ್ಳಲು ಹೊಗೆಸೊಪ್ಪು ಹಾಕಿದವನಿಗೆ ಜುಲೈಯಿಂದ ಅಕ್ಟೋಬರ್ ತನಕ ಬ್ಯಾರನ್ನಿನ ಕಾವಲು. ಅದರ ಜೊತೆಗೆ ಊಟಕ್ಕೆಂದು ಅರ್ಧ ಎಕರೆ ರಾಗಿ ಇಟ್ಟಿದ್ದರೆ ಅಲ್ಲಿಂದ ಮುಂದಕ್ಕೆ ಅಟ್ಟಣೆಯ ಕಾವಲು.

ಇನ್ನೊಂದು ವಿಪರ್ಯಾಸವನ್ನು ಹೇಳದೆ ಹೋಗಲಾರೆ. ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಬೇಕು. ಸಿಲ್ವರ್ ಓಕ್, ನೀಲಗಿರಿ ತೋಪುಗಳಿಂದ ಬಂದರೆ ಸರಿ. ಎಲ್ಲವೂ ಅಲ್ಲಿಂದಲೇ ಬಂತೆಂದು ನಂಬುವವರು ಈ ಸೀಮೆಯಲ್ಲಿ ಕಡಿಮೆ. ಆನೆ ಮುಟ್ಟದ ಬೆಳೆ, ಆನೆಯ ಮನೆಯ ಕಟ್ಟಿಗೆಯನ್ನೇ ಉರಿಸಿದೆ. ತಿಂದರೆ ಆನೆಗೂ, ಸೇದಿದರೆ ಮನುಷ್ಯನಿಗೂ ಒಳ್ಳೆಯದಲ್ಲದ ಈ ಸೊಪ್ಪನ್ನು ಬಿಡಿ ಎಂದು ಸರ್ಕಾರವೇ ಹೇಳುತ್ತಿದೆ. ಬಿಟ್ಟು ಏನು ಹಾಕಬೇಕು ಎಂಬ ಪ್ರಶ್ನೆಗೆ ಕಾಡಂಚಿನಲ್ಲಿ ಕಾವಲನ್ನೂ ಸೇರಿಸಿ ಉತ್ತರ ಕೊಡಬೇಕಾಗುತ್ತದೆ. ಮೈಸೂರಿನ ಸಭೆಗಳಲ್ಲಿ ಸಿಗುವ ಉತ್ತರದಲ್ಲಿ ಅದು ಇರುವುದಿಲ್ಲ.

ಹತ್ತಿಗೆ ಬೇರೆ ಅಪಾಯ. ಎದೆಮಟ್ಟ ಬೆಳೆದ ಹತ್ತಿಯಲ್ಲಿ ಆನೆ ಅಡಗುವುದಿಲ್ಲ, ಹುಲಿ ಅಡಗುತ್ತದೆ. 2022ರ ಎಣಿಕೆಯಲ್ಲಿ ಕರ್ನಾಟಕದ ಹುಲಿಗಳು 563. ಇಡೀ ರಾಜ್ಯ ಹೆಮ್ಮೆಪಟ್ಟ ಸಂಖ್ಯೆ. ವಯಸ್ಸಾದ, ಗಾಯಗೊಂಡ, ಜಾಗಕ್ಕಾಗಿ ಸೋತು ಹೊರಬಿದ್ದ ಹುಲಿ ಕಾಡಂಚಿಗೆ ಬಂದು ದನಕ್ಕೆ ಬಾಯಿ ಹಾಕುತ್ತದೆ. 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಒಬ್ಬರ ಹಿಂದೆ ಒಬ್ಬರು ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತು. ಅಟ್ಟಣೆಯ ವಿದ್ಯೆ ಹುಲಿಗೆ ನಡೆಯದು, ಅದು ಬರುವುದು ಬೆಳೆಗಲ್ಲ. ಕಬಿನಿ ಹಿನ್ನೀರಿನ ಭೀಮನಕೊಲ್ಲಿಯಲ್ಲಿ ಮಹದೇಶ್ವರನ ಗುಡಿಯಿದೆ, ಶಿವರಾತ್ರಿಗೆ ಜಾತ್ರೆ. ಹುಲಿಯೇರಿದ ಆ ದೇವರಿಗೆ ಕೈಮುಗಿದು ಹೊಲಕ್ಕಿಳಿಯುವವರ ಭಕ್ತಿಯನ್ನು ದೂರದಲ್ಲಿ ಕೂತು ಅಳೆಯುವುದು ಸುಲಭ.

ಬೇಲಿಗಳ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಸರ್ಕಾರದ ಪ್ರಕಟಣೆಗಳಲ್ಲಿ ಅವು ಬೇಕಾದಷ್ಟು ಸಿಗುತ್ತವೆ. ಮೊದಲು ಆನೆ ಕಂದಕ ಬಂತು, ಮೂರು ಮೀಟರ್ ಅಗಲ, ಮೂರು ಮೀಟರ್ ಆಳ. ಒಂದೆರಡು ಮಳೆಗಾಲಕ್ಕೆ ಅಂಚು ಕುಸಿಯುತ್ತದೆ, ಹಳ್ಳ ದಾಟುವ ಕಡೆ ತೋಡಲಾಗುವುದಿಲ್ಲ. ಉಳಿದದ್ದನ್ನು ಆನೆಯೇ ಕಾಲಿನಿಂದ ಮಣ್ಣು ಜಾರಿಸಿ ಇಳಿಜಾರು ಮಾಡಿಕೊಳ್ಳುತ್ತದೆ. ಆಮೇಲೆ ಸೋಲಾರ್ ಬೇಲಿ. ತಂತಿಯಲ್ಲಿ ಕ್ಷಣಕ್ಕೊಮ್ಮೆ ಸಾವಿರಾರು ವೋಲ್ಟಿನ, ಜೀವ ತೆಗೆಯದ ಹೊಡೆತ. ದಂತಕ್ಕೆ ವಿದ್ಯುತ್ ಹತ್ತುವುದಿಲ್ಲವೆಂದು ಕಲಿತ ಸಲಗಗಳಿವೆ; ಪಕ್ಕದ ಮರವನ್ನು ತಂತಿಯ ಮೇಲೆ ಕೆಡವಿ ದಾಟುವವೂ ಇವೆ. ಬ್ಯಾಟರಿ ಸತ್ತ, ತಂತಿಗೆ ಬಳ್ಳಿ ಹಬ್ಬಿದ ಬೇಲಿಗೆ ಹಸುವೂ ಹೆದರುವುದಿಲ್ಲ. ಕೊನೆಗೆ ಬಂದದ್ದು ಹಳೆಯ ರೈಲು ಕಂಬಿಗಳ ತಡೆ. ಕಿಲೋಮೀಟರಿಗೆ ಕೋಟಿ ದಾಟುವ ಖರ್ಚು. ಗಟ್ಟಿಮುಟ್ಟಾದದ್ದೇನೋ ಹೌದು. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಕಾಡಿಗೆ ಮರಳಲು ಅದನ್ನು ಹತ್ತಿದ ಸಲಗ ಕಂಬಿಗೆ ಸಿಕ್ಕಿಕೊಂಡು ಸತ್ತದ್ದನ್ನು ದೇಶವೇ ನೋಡಿತು. ಮನೆಯ ಕರೆಂಟನ್ನೇ ಬೇಲಿಗೆ ಬಿಡುವ ಕಳ್ಳ ಉಪಾಯಕ್ಕೆ ಆನೆಯೂ ಸಾಯುತ್ತದೆ, ಕತ್ತಲಲ್ಲಿ ತಡವರಿಸಿದ ಪಕ್ಕದ ಹೊಲದವನೂ ಸಾಯುತ್ತಾನೆ. ಒಂದು ಬೇಲಿ ಎಷ್ಟು ಚೆನ್ನಾಗಿದ್ದರೂ ಅದು ಮುಗಿಯುವ ಜಾಗದ ಹೊಲದವನ ಪಾಲಿಗೆ ಅದು ಆನೆಯನ್ನು ತನ್ನ ಕಡೆ ತಿರುಗಿಸುವ ದಾರಿಫಲಕ, ಅಷ್ಟೆ.

ಖೆಡ್ಡಾದ ಕಾಲಕ್ಕೂ ಈ ಕಾಲಕ್ಕೂ ಒಂದೇ ಜೀವ ಸೇತುವೆಯಾಗಿತ್ತು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಅರ್ಜುನ ಎಂಬ ಆನೆ, ಇದೇ ಸೀಮೆಯ ಬಳ್ಳೆ ಶಿಬಿರದಲ್ಲಿ ಬಾಳಿದ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರು ಬಳಿ ತೋಟಗಳಿಗೆ ನುಗ್ಗುತ್ತಿದ್ದ ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡು ಸಲಗನೊಂದಿಗೆ ಹೋರಾಡುತ್ತ ಸತ್ತ. ಮೈಸೂರಿನವರು ಅಂಬಾರಿಗಾಗಿ ಅತ್ತರು. ಕಾಡಂಚಿನವರಿಗೆ ಅವನು ಸತ್ತದ್ದು ತಮ್ಮದೇ ಕಸುಬಿನಲ್ಲಿ.

ಇನ್ನು ಪರಿಹಾರದ ಕಾಗದ. ಬೆಳೆ ಹೋದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಫೋಟೊ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಅರ್ಜಿ ಬರೆಯುವುದೇ ದೊಡ್ಡ ಕೆಲಸವಾದ್ದರಿಂದ 2015ರಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ ‘ವೈಲ್ಡ್ ಸೇವೆ’ ಎಂಬ ಉಚಿತ ಫೋನ್ ವ್ಯವಸ್ಥೆ ಶುರುಮಾಡಿತು. ಕರೆ ಮಾಡಿದರೆ ಅವರ ಕಡೆಯವರು ಹೊಲಕ್ಕೇ ಬಂದು ಕಾಗದ ತಯಾರಿಸಿಕೊಡುತ್ತಾರೆ. ಆದರೂ ಪಹಣಿ ಬೇಕೇ ಬೇಕು. ವಾರಕ್ಕೆ ಮಾಡಿದವನ, ಗುತ್ತಿಗೆ ಹಿಡಿದವನ, ಸಾಗುವಳಿ ಚೀಟಿಗೆ ಇನ್ನೂ ಅಲೆಯುತ್ತಿರುವವನ ಬೆಳೆಯನ್ನು ಆನೆ ತಿಂದರೆ ಕಾಗದದ ಪ್ರಕಾರ ಅವನ ಬೆಳೆ ತಿಂದಿಲ್ಲ. ಪಹಣಿ ಇದ್ದವನಿಗೂ ಸಿಗುವುದು ತಿಂದ ಬೆಳೆಯ ಲೆಕ್ಕ ಮಾತ್ರ. ಕಾದ ರಾತ್ರಿಗಳನ್ನು ಇಲಾಖೆ ಬಿಡಿ, ರೈತನೇ ತನ್ನ ಖರ್ಚಿನ ಲೆಕ್ಕದಲ್ಲಿ ಬರೆದುಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಕಬಿನಿಯ ನೀರು ಇಳಿದು ಜಲಾಶಯದ ತಳ ಹಸಿರಾದಾಗ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಗುಂಪಾಗಿ ಕಾಣುವ ಜಾಗ ಇನ್ನೊಂದು ಸಿಗುವುದು ಕಷ್ಟ. ಮಹಾರಾಜರ ಬೇಟೆ ಬಂಗಲೆಯಿದ್ದ ಕಾರಾಪುರದಲ್ಲಿ ಜಂಗಲ್ ಲಾಡ್ಜಸ್ ಶುರುಮಾಡಿದ ವಸತಿಯ ಹಿಂದೆ ದುಬಾರಿ ರೆಸಾರ್ಟುಗಳು ಸಾಲುಗಟ್ಟಿದ್ದು ಇವನ್ನು ನೋಡುವ ಆಸೆಗಾಗಿ. ಊರಿನ ಹುಡುಗರು ಅಲ್ಲಿ ಡ್ರೈವರು, ದೋಣಿ ನಡೆಸುವವರು, ಅಡುಗೆಮನೆಯ ಸಹಾಯಕರು. ಹಾಡಿಯ ಹುಡುಗರಲ್ಲಿ ಕೆಲವರು ಇಲಾಖೆಯ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ವಾಚರ್‌ಗಳು. 1984ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೊಸಹಳ್ಳಿಯಲ್ಲಿ ನಡೆಸುವ ಶಾಲೆಯಲ್ಲಿ, ಸರಗೂರಿನ ಅದರ ಆಸ್ಪತ್ರೆಯಲ್ಲಿ ಹಾಡಿಯ ಮಕ್ಕಳು ಕಲಿತದ್ದೂ ಕೆಲಸಕ್ಕೆ ಸೇರಿದ್ದೂ ಉಂಟು. ಸಂಜೆಯ ಸಫಾರಿಯಲ್ಲಿ ಅತಿಥಿಗಳಿಗೆ ಸಲಗ ತೋರಿಸಿ ಬಂದ ಹುಡುಗ, ರಾತ್ರಿ ಅಪ್ಪನ ರಾಗಿ ಹೊಲದಲ್ಲಿ ಅದೇ ಸಲಗನಿಗೆ ಪಟಾಕಿ ಹಚ್ಚಬೇಕಾಗಬಹುದು. ಆನೆ ದ್ವೇಷಿಗಳ ಸೀಮೆ ಇದೆಂದು ತಿಳಿದು ಬರುವವರಿಗೆ ಇದು ಅರ್ಥವಾಗುವುದಿಲ್ಲ. ಇಲ್ಲಿ ಆನೆಯನ್ನು ಬೈಯುವಾಗಲೂ ‘ಗಣೇಶ’ ಎಂದೇ ಬೈಯುತ್ತಾರೆ.

2023ರ ಎಣಿಕೆಯಲ್ಲಿ ರಾಜ್ಯದ ಆನೆಗಳು 6395, ದೇಶದಲ್ಲೇ ಹೆಚ್ಚು. ಅಟ್ಟಣೆ ಹತ್ತುವವರ ಎಣಿಕೆ ಯಾರೂ ಮಾಡಿದಂತಿಲ್ಲ, ಆದರೆ ಅದು ಕಡಿಮೆಯಾಗುತ್ತಿದೆ ಎನ್ನಲು ಎಣಿಕೆ ಬೇಕಿಲ್ಲ. ನಂಜನಗೂಡಿನ ಕಾರ್ಖಾನೆಗೆ, ಮೈಸೂರು, ಬೆಂಗಳೂರಿಗೆ ಹೋದ ಹುಡುಗರು ದಸರೆಗೆ ಬಂದರೂ ರಾಗಿ ಕಾಯಲು ನಿಲ್ಲುವುದಿಲ್ಲ. ಉಳಿದವರು ಕಾಡಿನ ಮಗ್ಗುಲಿನ ಎಕರೆಯನ್ನು ಬೀಳು ಬಿಡುತ್ತಾರೆ. ಬಿಟ್ಟ ಹೊಲದಲ್ಲಿ ಲಾಂಟಾನ ಹಬ್ಬಿ ಹಂದಿಗೆ ಮನೆಯಾಗುತ್ತದೆ, ಕಾವಲಿನ ಗೆರೆ ಒಂದು ಹೊಲದಷ್ಟು ಊರಿನ ಕಡೆಗೆ ಸರಿಯುತ್ತದೆ.

ಮೊದಲೆಲ್ಲ ಕಾವಲಿಗೂ ರಜೆಯಿತ್ತು. ಸಂಕ್ರಾಂತಿಯ ಹೊತ್ತಿಗೆ ಕಣ ಮುಗಿದರೆ ಅಟ್ಟಣೆಯ ಗಳು ಬಿಚ್ಚಿ ಮನೆಗೆ ತರುತ್ತಿದ್ದರು. ಹುರುಳಿ ಹೊಲಕ್ಕೆ ಅಷ್ಟು ಭಯವಿಲ್ಲ. ಮತ್ತೆ ಹಲಸು ಹಣ್ಣಾಗುವ ತನಕ ರಾತ್ರಿ ಮನೆಯಲ್ಲೇ ನಿದ್ದೆ. ಕೊಳವೆಬಾವಿ ಬಂದ ಮೇಲೆ ಆ ರಜೆ ಹೋಯಿತು. ನೀರು ಸಿಕ್ಕವರು ಬಾಳೆ ಇಟ್ಟರು, ಬಾಳೆಯ ತೋಟಕ್ಕೆ ಹನ್ನೆರಡು ತಿಂಗಳೂ ಆನೆಯ ಭಯ. ಮನೆಯಲ್ಲಿ ಆಳಿಲ್ಲದವರು ಈಗ ರಾತ್ರಿಗಿಷ್ಟು ಎಂದು ಕೂಲಿ ಕೊಟ್ಟು ಕಾವಲಿಗೆ ಜನ ಇಡುತ್ತಿದ್ದಾರೆ. ಹಾಗೆ ಕೂಲಿಗೆ ಬರುವವರಲ್ಲಿ ಹೆಚ್ಚಿನವರು ಹಾಡಿಯವರು. ಅವರ ಅಜ್ಜಂದಿರು ಖೆಡ್ಡಾದಲ್ಲಿ ಹಿಂಡು ಅಟ್ಟಿದವರು. ಮೊಮ್ಮಕ್ಕಳು ಕೇಳುವ ಕೂಲಿ ಹೆಚ್ಚಾಯಿತೆಂದು ತೋಟದ ಮಾಲೀಕರು ಗೊಣಗುತ್ತಾರೆ, ಕೊಡುತ್ತಲೂ ಇದ್ದಾರೆ.